ಸಂಬಳ ಕೇಳಿದರೆ ತಪ್ಪೇನು?

ಎಲ್ಲರಿಗೂ ನಮಸ್ಕಾರ. ನನಗಿಂತ ಮೊದಲು ಮಾತಾಡಿದ ಹಿರಿಯರು, ಈಗಿನ ಹುಡುಗರಿಗೆ ದುಡಿಮೆ ಬೇಡ, ಸಂಬಳ ಮಾತ್ರ ಬೇಕು ಅಂದರು. ಚಪ್ಪಾಳೆಯೂ ಬಿತ್ತು. ಮುಂದಿನ ಸಾಲಿನ ಅಪ್ಪಂದಿರೇ ಜೋರಾಗಿ ತಟ್ಟಿದರು, ನೋಡಿದೆ. ನಾನು ಒಪ್ಪೋದಿಲ್ಲ.

ಹುಬ್ಬಳ್ಳಿಯ ಗೋಕುಲ ರಸ್ತೆಯ ಕಾರ್ಖಾನೆಯೊಂದರಲ್ಲಿ ಕೆಲಸಕ್ಕೆ ಜನ ತೆಗೆದುಕೊಳ್ಳುವ ಜವಾಬ್ದಾರಿ ನನ್ನದಾಗಿತ್ತು. ಒಮ್ಮೆ ನವಲಗುಂದ ಕಡೆಯ ಹುಡುಗನೊಬ್ಬ ಸಂದರ್ಶನಕ್ಕೆ ಬಂದ. ಬಿ.ಇ. ಮೆಕ್ಯಾನಿಕಲ್. ಹೊಸ ಅಂಗಿಯ ಮಡಿಕೆ ಗೆರೆ ಇನ್ನೂ ಹೋಗಿರಲಿಲ್ಲ. ಕೊನೆಗೆ ರೂಢಿಯಂತೆ, "ನಿಂದೇನಾದರೂ ಕೇಳೋದಿದೆಯಾ?" ಅಂದೆ. ಸುಮ್ನೆ ಕೇಳೋದು ಅಷ್ಟೆ. ಎಲ್ಲರೂ "ಇಲ್ಲ ಸರ್" ಅಂತ ಎದ್ದು ಹೋಗುತ್ತಾರೆ. ಇವನು ಜೇಬಿನಿಂದ ಚೀಟಿ ತೆಗೆದ!

"ರಾತ್ರಿ ಪಾಳಿ ಮುಗಿದ ಮ್ಯಾಲೆ ಬಸ್ ಐತೇನ್ರಿ? ಓವರ್‌ಟೈಮ್ ರೊಕ್ಕ ಪಗಾರದ ಜೋಡಿನ ಬರತೈತೋ, ಆಮ್ಯಾಲೋ? ವರ್ಷ ಆದ ಮ್ಯಾಲೆ ಡಿಸೈನ್ ಕಡೆ ಹಾಕ್ತೀರೇನ್ರಿ?"

ಪಕ್ಕದಲ್ಲಿದ್ದ ಪ್ರೊಡಕ್ಷನ್ ಸಾಹೇಬರ ಮುಖ ಬ್ಯಾಡಗಿ ಮೆಣಸಿನಕಾಯಿ ಆಯಿತು. "ಕೆಲಸನ ಸಿಕ್ಕಿಲ್ಲ, ಆಗಲೇ ಬಸ್ ಬೇಕಂತ" ಅಂದರು. ಹುಡುಗ ತಣ್ಣಗೆ, "ಸಿಕ್ಕ ಮ್ಯಾಲೆ ಕೇಳಿದ್ರ ಯಾರು ಕೇಳಿಸ್ಕೋತಾರ್ರಿ?" ಅಂದ.

ತೆಗೆದುಕೊಂಡೆವು. ಅವನ ಜೊತೆ ಸೇರಿದ ಇನ್ನಿಬ್ಬರು "ಎಲ್ಲಿ ಹಾಕಿದರೂ ಮಾಡ್ತೀನಿ ಸರ್" ಅಂದಿದ್ದರು. ದೀಪಾವಳಿಗೆ ಊರಿಗೆ ಹೋದವರು ವಾಪಸ್ ಬರಲಿಲ್ಲ, ಫೋನೂ ಎತ್ತಲಿಲ್ಲ. ಚೀಟಿಯವನು ಉಳಿದ. ಡಿಸೈನ್ ವಿಭಾಗಕ್ಕೆ ಹಾಕೋದು ತಡವಾಯಿತು, ಅದಕ್ಕೂ ಬಂದು ಜಗಳ ಆಡಿದ. ಆಡಲಿ ಬಿಡಿ. ಕೇಳುವವನು ಎದುರಿಗೆ ನಿಂತು ಜಗಳ ಆಡುತ್ತಾನೆ, ಕೇಳದವನು ಹೇಳದೇ ಹೋಗುತ್ತಾನೆ.

ಈಗ ಪ್ಯಾಕೇಜ್, ಅಂದರೆ ಕಂಪನಿ ಹೇಳುವ ವರ್ಷದ ಒಟ್ಟು ಲೆಕ್ಕದ ವಿಷಯ. ವರ್ಷಕ್ಕೆ ನಾಲ್ಕು ಲಕ್ಷ ಅಂದ ಕೂಡಲೇ ಮನೆಯಲ್ಲಿ ಪೇಢೆ ಹಂಚುತ್ತೀರಿ. ಆ ನಾಲ್ಕು ಲಕ್ಷದೊಳಗೆ ಕಂಪನಿ ಕಟ್ಟುವ ಭವಿಷ್ಯ ನಿಧಿ (ಪಿಎಫ್), ಕೆಲಸ ಬಿಡುವಾಗ ಸಿಗುವ ಗ್ರ್ಯಾಚ್ಯುಟಿ, ಕೆಲವು ಕಡೆ ವಿಮೆ, ಬಂದರೆ ಬಂತು ಅನ್ನುವಂಥ ಬೋನಸ್ಸೂ ಸೇರಿರುತ್ತವೆ. ನಿಮ್ಮ ಪಾಲಿನ ಪಿಎಫ್, ಮೂಲ ವೇತನದ ಮೇಲೆ 12%, ಬೇರೆ ಕಡಿತ. ಹನ್ನೆರಡರಿಂದ ಭಾಗಿಸಿ ಬೆಂಗಳೂರಿಗೆ ಹೋದವನು ಮೊದಲ ತಿಂಗಳ ಪಿಜಿ ಬಾಡಿಗೆಗೆ ಅಪ್ಪನಿಗೇ ಫೋನ್ ಮಾಡಬೇಕು. "ಕೈಗೆ ಎಷ್ಟು ಬರುತ್ತೆ?" ಅಂತ ಮೊದಲೇ ಕೇಳೋದು ದುರಾಸೆನಾ?

ಇನ್ನು ನಮ್ಮ ಧಾರವಾಡದ ಸಪ್ತಾಪುರದಲ್ಲಿ ಸರ್ಕಾರಿ ಕೆಲಸಕ್ಕೆ ಓದುವ ಕೋಚಿಂಗ್ ಹುಡುಗರು. ಕೂತು ತಿನ್ನುತ್ತಾರೆ ಅಂತೀರಿ. 545 ಪೊಲೀಸ್ ಸಬ್ ಇನ್‌ಸ್ಪೆಕ್ಟರ್ (ಪಿಎಸ್‌ಐ) ಹುದ್ದೆಗಳಿಗೆ 2021ರ ಅಕ್ಟೋಬರ್‌ನಲ್ಲಿ ಪರೀಕ್ಷೆ ಆಯಿತು. ಅಕ್ರಮ ಹೊರಬಿದ್ದು ರದ್ದಾಯಿತು. ಮರುಪರೀಕ್ಷೆ ಆಗಿದ್ದು 2024ರ ಜನವರಿಯಲ್ಲಿ. ಪ್ರಾಮಾಣಿಕವಾಗಿ ಬರೆದವನು ಆ ವರ್ಷಗಳನ್ನು ಯಾರ ಹತ್ತಿರ ಕೇಳಬೇಕು? ಹಾಗಂತ ಹುಡುಗರೇ, ಅಪ್ಪ ಪಿಂಚಣಿ ಅಂದರು ಅಂತ ಕಣ್ಣುಮುಚ್ಚಿ ಓದಬೇಡಿ. 2006ರ ಏಪ್ರಿಲ್‌ನಿಂದ ರಾಜ್ಯ ಸರ್ಕಾರಕ್ಕೆ ಹೊಸದಾಗಿ ಸೇರಿದವರಿಗೆ ಹಳೇ ಪಿಂಚಣಿ ಬದಲು ಎನ್‌ಪಿಎಸ್, ಅಂದರೆ ನಿಮ್ಮ ಸಂಬಳದಿಂದಲೂ ದುಡ್ಡು ಕಟ್ಟುವ ಪಿಂಚಣಿ ಯೋಜನೆ, ಬಂದಿದೆ. ಅಲ್ಲೂ ಕೇಳಿಕೊಂಡೇ ಹೋಗಿ.

ಅಧ್ಯಕ್ಷರು ಗಡಿಯಾರ ನೋಡ್ತಾ ಇದ್ದಾರೆ. ಹೆಣ್ಣುಮಕ್ಕಳ ರಾತ್ರಿ ಪಾಳಿ ಬಗ್ಗೆ ಹೇಳೋದು ಬಹಳ ಇತ್ತು, ಇವತ್ತು ಆಗೋದಿಲ್ಲ. ಬಾಂಡ್, ಅಂದರೆ ಇಷ್ಟು ದಿನ ಕೆಲಸ ಬಿಡೋದಿಲ್ಲ ಅನ್ನುವ ಕರಾರು, ಅದರ ಬಗ್ಗೆ ಮಾತ್ರ ಎರಡು ಮಾತು. ಎಷ್ಟು ತಿಂಗಳು, ನಡುವೆ ಬಿಟ್ಟರೆ ಎಷ್ಟು ದುಡ್ಡು, ಓದದೆ ಸಹಿ ಹಾಕಬೇಡಿ. ಮೂಲ ಅಂಕಪಟ್ಟಿ ಕೊಟ್ಟು ಬರಬೇಡಿ. ಆಫರ್ ಲೆಟರ್ ಇಟ್ಟುಕೊಂಡವರು ಚಹಾ ಹೊತ್ತಿಗೆ ನನ್ನ ಹತ್ತಿರ ಬನ್ನಿ, ಕೂತು ಲೆಕ್ಕ ಹಾಕೋಣ.