ಚಿಲಕ ಯಾವ ಕಡೆಗಿದೆ?

ಕೇಳುಗರೆಲ್ಲರಿಗೂ ನಮಸ್ಕಾರ.

ಪ್ರತಿ ಭಾನುವಾರ ಮಧ್ಯಾಹ್ನ ಮೂರು ಗಂಟೆಗೆ ಮೈಸೂರಿನ ನಮ್ಮ ಮನೆಗೆ ನಾಲ್ಕು ಜನ ಬರುತ್ತಾರೆ. ಊಟದ ಮೇಜಿನ ಸುತ್ತ ಕೂರುತ್ತಾರೆ. ಮೇಜಿನ ನಡುವೆ ಒಂದು ಸ್ಟೀಲ್ ತಟ್ಟೆ. ದಾಳ ಹಾಕುವುದು ಅದರೊಳಗೆ. ಇಲ್ಲದಿದ್ದರೆ ಉರುಳಿಕೊಂಡು ಹೋಗಿ ಫ್ರಿಜ್ ಕೆಳಗೆ ಸೇರಿಬಿಡುತ್ತದೆ. ಸಂಜೆ ಆರರ ತನಕ ನಾವು ಐದು ಜನ ಒಂದು ಕಥೆಯೊಳಗೆ ಇರುತ್ತೇವೆ. ಈ ಆಟ ನಡೆಸಿಕೊಡುವವರಿಗೆ ಗೇಮ್ ಮಾಸ್ಟರ್ ಅನ್ನುತ್ತಾರೆ. ನಮ್ಮ ಮೇಜಿನಲ್ಲಿ ಹನ್ನೊಂದು ವರ್ಷದಿಂದ ಆ ಕೆಲಸ ನನ್ನದು.

"ಮೊಬೈಲ್ ಗೇಮಾ?" ಅಂತ ಎಲ್ಲರೂ ಮೊದಲು ಕೇಳುತ್ತಾರೆ. ಅಲ್ಲ. ಪರದೆ ಇಲ್ಲ, ಕರೆಂಟೂ ಬೇಡ. ಹಾಗಾದರೆ ದುಡ್ಡು ಕಟ್ಟಿ ಆಡುವುದಾ? ಅದೂ ಅಲ್ಲ. ದಾಳ ಅಂದ ತಕ್ಷಣ ನಮ್ಮ ಜನಕ್ಕೆ ಶಕುನಿಯೇ ನೆನಪಾಗುತ್ತಾನೆ. ದಯವಿಟ್ಟು ಒಂದು ಹತ್ತು ನಿಮಿಷ ಶಕುನಿಯನ್ನು ಮರೆತುಬಿಡಿ.

ಆಟದ ಹೆಸರು ಡಂಜನ್ಸ್ ಅಂಡ್ ಡ್ರ್ಯಾಗನ್ಸ್. ಒಬ್ಬೊಬ್ಬರದು ಒಂದೊಂದು ಪಾತ್ರ. ಒಬ್ಬರು ಕತ್ತಿ ಹಿಡಿದ ಯೋಧ, ಒಬ್ಬರು ಮಂತ್ರವಾದಿ, ಇನ್ನೊಬ್ಬಳು ಕಳ್ಳಿ. ನಾನು ಹೇಳುತ್ತೇನೆ: "ಕಾಡಿನ ದಾರಿ. ಕತ್ತಲಾಗ್ತಾ ಇದೆ. ಎದುರಿಗೆ ಹೊಳೆ, ಸೇತುವೆ ಅರ್ಧ ಮುರಿದಿದೆ. ಆ ದಡದಲ್ಲಿ ಯಾರೋ ಲಾಟೀನು ಹಿಡಿದು ನಿಂತಿದ್ದಾರೆ. ಏನು ಮಾಡ್ತೀರಿ?" ಅವರು ಏನು ಬೇಕಾದರೂ ಹೇಳಬಹುದು. ಕೂಗಿ ಕರೆಯಬಹುದು, ಈಜಬಹುದು, ವಾಪಸ್ ಹೋಗಬಹುದು. ಸುಲಭದ ಕೆಲಸವಾದರೆ ಆಯಿತು ಅಂತ ಅರ್ಥ. ಆಗುತ್ತೋ ಇಲ್ಲವೋ ಅನ್ನುವ ಕೆಲಸವಾದರೆ ಇಪ್ಪತ್ತು ಮುಖದ ದಾಳ ಹಾಕಬೇಕು. ಸಾಧಾರಣ ಕಷ್ಟದ ಕೆಲಸಕ್ಕೆ 15 ಬರಬೇಕು ಅಂತ ಇಟ್ಟುಕೊಳ್ಳಿ. ಬಿದ್ದ ಸಂಖ್ಯೆಗೆ ನಿಮ್ಮ ಪಾತ್ರದ ಸಾಮರ್ಥ್ಯದ ಅಂಕಿ ಸೇರಿಸಿ. 15 ಮುಟ್ಟಿದರೆ ಗೆದ್ದಿರಿ. ಇಡೀ ಆಟದ ಬುಡ ಇಷ್ಟೇ.

ತಾಳಮದ್ದಳೆ ಕೇಳಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಕೂತಲ್ಲೇ ಒಬ್ಬರು ಕೃಷ್ಣ, ಎದುರಿಗಿನವರು ಕೌರವ. ಮಾತು ಆ ಹೊತ್ತಿಗೆ ಹುಟ್ಟಿದ್ದು. ಆದರೆ ಪ್ರಸಂಗದ ಕೊನೆ ಎಲ್ಲರಿಗೂ ಗೊತ್ತಿರುತ್ತದೆ. ನಮ್ಮ ಮೇಜಿನಲ್ಲಿ ಕೊನೆ ಯಾರಿಗೂ ಗೊತ್ತಿಲ್ಲ. ನನಗೂ ಗೊತ್ತಿರಬಾರದು.

ಇವತ್ತು ನಾನು ಹೇಳಬೇಕು ಅಂತ ಬಂದಿರುವುದು ಇದೊಂದೇ. ಗೇಮ್ ಮಾಸ್ಟರ್ ಆದವರು "ಏನು ಮಾಡ್ತೀರಿ?" ಅಂತ ಕೇಳಬೇಕು. ಕೇಳಿದ ಮೇಲೆ ಸುಮ್ಮನಿರಬೇಕು. ಕೇಳುವುದು ಎಲ್ಲರಿಗೂ ಬರುತ್ತದೆ. ಸುಮ್ಮನಿರುವುದು ಬರುವುದಿಲ್ಲ.

ಈ ಆಟ ಹುಟ್ಟಿದ್ದೇ ಹಾಗೆ. 1969ರಲ್ಲಿ ಅಮೆರಿಕದ ಮಿನ್ನೆಸೋಟಾ ರಾಜ್ಯದಲ್ಲಿ ಡೇವಿಡ್ ವೆಸ್ಲಿ ಅನ್ನುವವರು ಗೆಳೆಯರಿಗಾಗಿ ಒಂದು ಯುದ್ಧದ ಆಟ ಏರ್ಪಾಡು ಮಾಡಿದರು. ನೆಪೋಲಿಯನ್ ಕಾಲದ ಒಂದು ಊರು, ಹೆಸರು ಬ್ರೌನ್‌ಸ್ಟೈನ್. ಸೈನ್ಯ ನಡೆಸುವವರ ಜೊತೆಗೆ ಊರಿನ ಜನರ ಪಾತ್ರಗಳನ್ನೂ ಹಂಚಿದರು. ನೋಡಿದರೆ ಯುದ್ಧ ಯಾರಿಗೂ ಬೇಡ. ಎಲ್ಲರೂ ಗುಂಪು ಗುಂಪಾಗಿ ಪಿಸುಗುಟ್ಟುತ್ತಾ ಓಡಾಡಿದರು. ಇಬ್ಬರಂತೂ ಬಂದು, ನಾವು ದ್ವಂದ್ವಯುದ್ಧ ಮಾಡುತ್ತೇವೆ ಅಂದರು. ಅದಕ್ಕೆ ನಿಯಮವೇ ಇರಲಿಲ್ಲ. ವೆಸ್ಲಿ ನಿಂತ ನಿಲುವಿನಲ್ಲೇ ನಿಯಮ ಮಾಡಿಕೊಟ್ಟರು. ಆಟ ಕೆಟ್ಟುಹೋಯಿತು ಅಂತ ಅವರು ಅಂದುಕೊಂಡರೆ, ಗೆಳೆಯರು ಮತ್ತೊಮ್ಮೆ ಆಡಿಸು ಅಂತ ದುಂಬಾಲು ಬಿದ್ದರು. ಆ ಗುಂಪಿನಲ್ಲಿದ್ದ ಡೇವ್ ಆರ್ನೆಸನ್ ಇದನ್ನೇ ಮುಂದಕ್ಕೆ ಬೆಳೆಸಿದರು. ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಊರಿನ ಗ್ಯಾರಿ ಗೈಗ್ಯಾಕ್ಸ್ ಜೊತೆ ಸೇರಿ 1974ರಲ್ಲಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಹೊರತಂದರು. ಒಂದು ಪೆಟ್ಟಿಗೆ, ಒಳಗೆ ಮೂರು ಪುಟ್ಟ ಪುಸ್ತಕ. ಮೊದಲ ಸಲ ಅಚ್ಚು ಹಾಕಿದ್ದು ಬರೀ 1000 ಪ್ರತಿ.

ಯಾಕೆ ಇದನ್ನು ಹೇಳಿದೆ ಅಂದರೆ, ಅವತ್ತು ವೆಸ್ಲಿ "ಇಲ್ಲ, ಅದಕ್ಕೆಲ್ಲ ಅವಕಾಶ ಇಲ್ಲ, ಯುದ್ಧ ಮಾಡಿ" ಅಂದಿದ್ದರೆ ನಾವ್ಯಾರೂ ಇವತ್ತು ಭಾನುವಾರ ಮೇಜಿನ ಸುತ್ತ ಕೂರುತ್ತಿರಲಿಲ್ಲ.

ನಾನು ಶುರುವಿನಲ್ಲಿ "ಇಲ್ಲ" ಅನ್ನುತ್ತಿದ್ದೆ. ನಲವತ್ತು ಪುಟ ಬರೆದುಕೊಂಡು ಬರುತ್ತಿದ್ದೆ. ಆಟಗಾರರು ಎಡಕ್ಕೆ ಹೋಗುತ್ತೇವೆ ಅಂದರೆ ಎಡಗಡೆ ಗೋಡೆ ಎಬ್ಬಿಸುತ್ತಿದ್ದೆ. ನಮ್ಮಲ್ಲಿ ಇದಕ್ಕೆ ರೇಲ್‌ರೋಡಿಂಗ್ ಅನ್ನುತ್ತಾರೆ. ಹಳಿ ಹಾಕಿ ಅದರ ಮೇಲೇ ಓಡಿಸುವುದು. ಒಂದು ದಿನ ಒಬ್ಬ ಹುಡುಗ ತನ್ನ ಪಾತ್ರದ ವಿವರ ಬರೆದಿದ್ದ ಹಾಳೆಯನ್ನು ಮಡಚಿ ಮೇಜಿನ ಮೇಲಿಟ್ಟು, "ಅಕ್ಕ, ನೀವೇ ಓದಿ ಹೇಳಿಬಿಡಿ, ನಾವು ಕೇಳ್ತೀವಿ" ಅಂದ. ಮುಂದಿನ ವಾರ ಬರಲಿಲ್ಲ. ಆ ಮಾತು ಇನ್ನೂ ಕಿವಿಯಲ್ಲಿದೆ.

ಈಗ ನಮ್ಮ ಮೇಜಿನ ಕಥೆ ಹೇಳುತ್ತೇನೆ. ಹೋದ ಮಳೆಗಾಲದ್ದು. ಇದನ್ನು ಪೂರ್ತಿ ಹೇಳಲೇಬೇಕು.

ಅವತ್ತು ಬಂದವರಲ್ಲಿ ಒಬ್ಬರು ನಿವೃತ್ತ ಗಣಿತದ ಮೇಷ್ಟ್ರು, ಮಂತ್ರವಾದಿಯ ಪಾತ್ರ. ಒಬ್ಬರು ನರ್ಸ್, ಅವರೇ ಕಳ್ಳಿ. ಒಬ್ಬ ಇಂಜಿನಿಯರಿಂಗ್ ಓದುವ ಹುಡುಗ, ಯೋಧ. ಮೇಷ್ಟ್ರು ಅವತ್ತು ತಮ್ಮ ಮೊಮ್ಮಗಳನ್ನೂ ಕರೆದುಕೊಂಡು ಬಂದಿದ್ದರು. ಎಂಟನೇ ಕ್ಲಾಸು. ಗಾಯ ವಾಸಿ ಮಾಡುವವಳ ಪಾತ್ರ ಕೊಟ್ಟೆ. ಕೈಯಲ್ಲಿ ಒಂದು ಕೋಲು, ಆ ಕೋಲಿನಲ್ಲೇ ಅವಳ ಶಕ್ತಿ ಎಲ್ಲ. ಎರಡು ಗಂಟೆ ಹುಡುಗಿ ಬಾಯಿ ಬಿಡಲಿಲ್ಲ. ಪೆನ್ಸಿಲ್ ತುದಿ ಕಚ್ಚುತ್ತಾ ತಾತನ ಮುಖ ನೋಡುತ್ತಿದ್ದಳು.

ಕಥೆಯಲ್ಲಿ ಒಂದು ಗವಿಯ ಕೊನೆಗೆ ಬಂದೆವು. ನಾನು ಹೇಳಿದೆ: "ದೊಡ್ಡ ಕಬ್ಬಿಣದ ಬಾಗಿಲು. ಅದರ ಮುಂದೆ ಒಬ್ಬ ದೈತ್ಯ ನಿಂತಿದ್ದಾನೆ. ಹತ್ತು ಅಡಿ ಎತ್ತರ. ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದಾನೆ." ನನ್ನ ಲೆಕ್ಕ ಸರಳವಾಗಿತ್ತು. ಹೊಡೆದಾಡುತ್ತಾರೆ, ಗೆಲ್ಲುತ್ತಾರೆ, ಒಳಗೆ ಹೋಗುತ್ತಾರೆ. ಒಳಗೆ ಹದಿನಾಲ್ಕು ಕೋಣೆ. ಮೂರು ವಾರ ಕೂತು ಗ್ರಾಫ್ ಹಾಳೆಯ ಮೇಲೆ ಬರೆದಿದ್ದೆ. ಹಾಳೆ ನನ್ನ ಕೈ ಕೆಳಗೇ ಇತ್ತು.

ಇಂಜಿನಿಯರಿಂಗ್ ಹುಡುಗ ಆಗಲೇ ದಾಳ ಎತ್ತಿಕೊಂಡಿದ್ದ. ನಾನು ಹುಡುಗಿಯ ಕಡೆ ತಿರುಗಿ, "ನೀನೇನು ಮಾಡ್ತೀಯಮ್ಮ?" ಅಂದೆ.

ಅವಳು ಉತ್ತರ ಕೊಡಲಿಲ್ಲ. ನಾನೂ ಮಾತಾಡಲಿಲ್ಲ. ಹೊರಗೆ ಮಳೆ ಸುರಿಯುತ್ತಿತ್ತು. ತಾತ ಏನೋ ಹೇಳಿಕೊಡಲು ಹೋದರು, ನಾನು ಬೇಡ ಅಂತ ಕೈ ತೋರಿಸಿದೆ. ಆಮೇಲೆ ಹುಡುಗಿ ಮೆಲ್ಲಗೆ ಕೇಳಿದಳು, "ಆಂಟಿ, ಚಿಲಕ ಯಾವ ಕಡೆಗಿದೆ?"

ಚಿಲಕ! ನಾನು ಚಿಲಕದ ಬಗ್ಗೆ ಯೋಚನೆಯೇ ಮಾಡಿರಲಿಲ್ಲ. ಗ್ರಾಫ್ ಹಾಳೆಯಲ್ಲಿ ಬಾಗಿಲು ಅಂದರೆ ಒಂದು ಪುಟ್ಟ ಚೌಕ ಅಷ್ಟೆ. ಇವರು ತೆಗೆದು ಒಳಗೆ ಹೋಗಬೇಕಲ್ಲ ಅಂತ, "ಹೊರಗಡೆಗಿದೆ, ಈ ಕಡೆಗೆ" ಅಂದೆ.

"ಹಾಗಾದ್ರೆ ಒಳಗಿರೋದು ಹೊರಗೆ ಬರಬಾರದು ಅಂತ ಹಾಕಿದ್ದಾರೆ" ಅಂದಳು. "ಊರಲ್ಲಿ ಕೊಟ್ಟಿಗೆಗೆ ಹೊರಗಡೆಯಿಂದ ತಾನೆ ಚಿಲಕ ಹಾಕೋದು? ಅವನು ನಮ್ಮನ್ನ ತಡೀತಿಲ್ಲ, ತಾತ. ಬಾಗಿಲನ್ನ ಒತ್ತಿ ಹಿಡ್ಕೊಂಡಿದ್ದಾನೆ."

ಮೇಜು ನಿಶ್ಶಬ್ದವಾಯಿತು. "ಇಲ್ಲಮ್ಮ, ಅವನು ಕಾವಲುಗಾರ ಅಷ್ಟೆ" ಅನ್ನುವ ಮಾತು ನನ್ನ ನಾಲಿಗೆ ತುದಿಗೆ ಬಂದಿತ್ತು. ನುಂಗಿಕೊಂಡೆ. ಅಷ್ಟರಲ್ಲಿ ನರ್ಸ್, "ಅವನ ಕೈ ನೋಡ್ಬೇಕು, ಅಂಗೈ ಹೇಗಿದೆ?" ಅಂದರು. ಆಸ್ಪತ್ರೆಯಲ್ಲಿ ದಿನಾ ಕೈಕಾಲು ನೋಡುವವರು, ಅವರಿಗೆ ಹೊಳೆಯುವುದೇ ಅದು. ನಾನು ಹೇಳಿದೆ: "ಬೊಬ್ಬೆ ಎದ್ದು ಒಡೆದು, ಅದರ ಮೇಲೆ ಮತ್ತೆ ಎದ್ದಿದೆ. ಹಿಮ್ಮಡಿ ಊರಿ ಊರಿ ಕಲ್ಲಿನ ನೆಲದಲ್ಲಿ ಗುಳಿ ಬಿದ್ದಿದೆ." ಆ ಕ್ಷಣದಲ್ಲಿ ಹುಟ್ಟಿದ ಮಾತು ಅದು. ಒಳಗಿನಿಂದ ಧಡ್ ಅಂತ ಒಂದು ಏಟು ಬಿತ್ತು ಅಂದೆ. ಚಿಲಕ ಅರ್ಧ ಜಾರಿತು ಅಂದೆ. ಹದಿನಾಲ್ಕು ಕೋಣೆಯ ಹಾಳೆಯನ್ನು ಮಡಚಿ ಪುಸ್ತಕದೊಳಗೆ ಇಟ್ಟೆ.

"ನಾನು ಚಿಲಕ ಹಾಕ್ತೀನಿ" ಅಂದಳು ಹುಡುಗಿ. 15 ಬೇಕು. ಅವಳ ಪಾತ್ರದ ಅಂಕಿ 2. ಅಂದರೆ ದಾಳದಲ್ಲಿ 13 ಅಥವಾ ಜಾಸ್ತಿ ಬೀಳಬೇಕು. ಮೇಷ್ಟ್ರು ಅಲ್ಲೇ ಲೆಕ್ಕ ಹಾಕಿದರು: "ಇಪ್ಪತ್ತರಲ್ಲಿ ಎಂಟು ಮುಖ. ನೂರಕ್ಕೆ ನಲವತ್ತು." ಯೋಧ ಬಂದು ಬಾಗಿಲಿಗೆ ಹೆಗಲು ಕೊಟ್ಟ. ಹೀಗೆ ಜೊತೆಗಾರರು ಸಹಾಯಕ್ಕೆ ಬಂದರೆ ಎರಡು ದಾಳ ಹಾಕಿ ದೊಡ್ಡದನ್ನು ಇಟ್ಟುಕೊಳ್ಳಬಹುದು. "ಈಗ ಅರವತ್ತನಾಲ್ಕು" ಅಂದರು ಮೇಷ್ಟ್ರು. "ಹಾಕು ಪುಟ್ಟಿ."

ತಟ್ಟೆಯಲ್ಲಿ ಎರಡು ದಾಳ ಟಣಟಣ ಅಂತ ಸುತ್ತಿದವು. ಒಂದು 4. ಇನ್ನೊಂದು 9. ದೊಡ್ಡದಾದ 9ಕ್ಕೆ ಅವಳ 2 ಕೂಡಿದರೆ ಹನ್ನೊಂದೇ. ಸೋತಳು.

ಅವಳ ಮುಖ ಬಾಡಿತು. ಇಲ್ಲಿ ಗೇಮ್ ಮಾಸ್ಟರ್ ಕೈಯಲ್ಲಿ ಎಲ್ಲವೂ ಇದೆ. "ಆಗಲಿಲ್ಲ, ಮುಂದಿನವರು" ಅಂದರೆ ಮುಗಿಯಿತು, ಆ ಮಗು ಇನ್ನೊಮ್ಮೆ ಬಾಯಿ ಬಿಡುವುದಿಲ್ಲ. ನಾನು ಹೇಳಿದೆ: "ಚಿಲಕ ಕಿತ್ತು ಕೈಗೆ ಬಂತು. ಬಾಗಿಲು ಒಂದು ಗೇಣು ತೆರೀತು. ಸಂದಿಯಿಂದ ತಣ್ಣನೆ ಗಾಳಿ ನಿನ್ನ ಮುಖಕ್ಕೆ ಬಡೀತಾ ಇದೆ. ಏನು ಮಾಡ್ತೀಯ?"

ಈ ಸಲ ಅವಳು ತಾತನ ಮುಖ ನೋಡಲಿಲ್ಲ. "ನನ್ನ ಕೋಲನ್ನ ಚಿಲಕದ ಬಳೆಗೆ ತೂರಿಸ್ತೀನಿ."

"ಅದು ಅಲ್ಲೇ ಸಿಕ್ಕಿಕೊಳ್ಳತ್ತೆ. ವಾಪಸ್ ತಗೊಳ್ಳೋಕೆ ಆಗಲ್ಲ."

"ಪರವಾಗಿಲ್ಲ."

ಇದಕ್ಕೆ ನಾನು ದಾಳ ಕೇಳಲಿಲ್ಲ. ಅವಳು ಆಗಲೇ ಬೆಲೆ ಕೊಟ್ಟಿದ್ದಳು. ಎಲ್ಲರೂ ಸೇರಿ ದೂಡಿದರು, ಬಾಗಿಲು ಮುಚ್ಚಿಕೊಂಡಿತು. ಎಷ್ಟೋ ವರ್ಷದ ಮೇಲೆ ದೈತ್ಯ ಬಾಗಿಲಿನಿಂದ ಬೆನ್ನು ತೆಗೆದು ನೆಲದ ಮೇಲೆ ಕುಕ್ಕರಿಸಿದ. ನರ್ಸ್ ಅವನ ಕೈಗೆ ಬಟ್ಟೆ ಸುತ್ತಿದರು. ಆರು ಗಂಟೆ ದಾಟಿ ಏಳೂವರೆ ಆಗಿತ್ತು. ಮಳೆ ನಿಂತದ್ದೇ ನಮಗೆ ಗೊತ್ತಾಗಿರಲಿಲ್ಲ.

ನೋಡಿ, ನಲವತ್ತು ಪುಟ ಬರೆದರೂ ನನ್ನಿಂದ ಆ ಚಿಲಕ ಬರುತ್ತಿರಲಿಲ್ಲ. ಎಂಟನೇ ಕ್ಲಾಸಿನ ಹುಡುಗಿಗೆ ಕೊಟ್ಟಿಗೆ ಗೊತ್ತಿತ್ತು. ನಾನು ಅರ್ಧ ನಿಮಿಷ ಸುಮ್ಮನಿದ್ದದ್ದಕ್ಕೆ ಅದು ಹೊರಗೆ ಬಂತು.

ಎದುರಿಗೆ ಗಡಿಯಾರ ಓಡುತ್ತಿದೆ. ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. ನಿಮ್ಮ ಮನೆಯಲ್ಲೂ ಆಡಬಹುದು. ಮೂರು ನಾಲ್ಕು ಜನ ಸಾಕು. ಮೂಲ ನಿಯಮಗಳನ್ನು 2023ರ ಜನವರಿಯಲ್ಲಿ ಕ್ರಿಯೇಟಿವ್ ಕಾಮನ್ಸ್, ಅಂದರೆ ಯಾರು ಬೇಕಾದರೂ ಬಳಸಬಹುದು ಅನ್ನುವ ಪರವಾನಗಿಯ ಅಡಿಯಲ್ಲಿ ಬಿಟ್ಟಿದ್ದಾರೆ. ಇಂಟರ್ನೆಟ್‌ನಲ್ಲಿ ಬಿಟ್ಟಿಯಾಗಿ ಸಿಗುತ್ತವೆ. ಇಂಗ್ಲಿಷ್‌ನಲ್ಲಿವೆ ನಿಜ, ಆದರೆ ಆಟ ಕನ್ನಡದಲ್ಲೇ ಆಡಿ. ಮಕ್ಕಳು ಜಾಸ್ತಿ ಮಾತಾಡುತ್ತಾರೆ. ಇಪ್ಪತ್ತು ಮುಖದ ದಾಳ ಸಿಗದಿದ್ದರೆ ಒಂದರಿಂದ ಇಪ್ಪತ್ತು ಬರೆದ ಚೀಟಿಗಳನ್ನು ಡಬ್ಬಿಗೆ ಹಾಕಿ ಎತ್ತಿ. ಎತ್ತಿದ ಚೀಟಿಯನ್ನು ಪ್ರತಿ ಸಲ ವಾಪಸ್ ಹಾಕುವುದನ್ನು ಮರೆಯಬೇಡಿ. ಮೇಜಿನಲ್ಲಿ ಒಬ್ಬರೇ ಮಾತಾಡುತ್ತಿದ್ದರೆ, ಮಾತಾಡದವರ ಹೆಸರು ಹಿಡಿದು ಕೇಳಿ. ಭಯವಾಗುವ ವಿಷಯ ಯಾರಿಗಾದರೂ ಬೇಡ ಅನಿಸಿದರೆ ಬಿಟ್ಟುಬಿಡಿ, ಯಾಕೆ ಅಂತ ಕೇಳಬೇಡಿ. ಧ್ವನಿ ಬದಲಾಯಿಸಿ ನಟಿಸೋಕೆ ಬರಲ್ಲ ಅಂತ ಸುಮಾರು ಜನ ಹಿಂಜರಿಯುತ್ತಾರೆ. ಅದರ ಅಗತ್ಯವೇ ಇಲ್ಲ, ನನ್ನನ್ನು ನಂಬಿ. ಏನು ಮಾಡ್ತೀರಿ ಅಂತ ಕೇಳಿ. ಕೇಳಿ ಸುಮ್ಮನಿರಿ.

ಆ ಬಾಗಿಲ ಹಿಂದೆ ಏನಿದೆ ಅಂತ ನೀವು ಕೇಳಬಹುದು. ನನಗೆ ಗೊತ್ತಿಲ್ಲ. ಬಾಗಿಲು ಇನ್ನೂ ಮುಚ್ಚೇ ಇದೆ. ಹುಡುಗಿ ಈಗ ಪ್ರತಿ ವಾರ ಬರುತ್ತಾಳೆ. ಮೊನ್ನೆ ತಾತನ ಫೋನಿನಿಂದ ಮಾಡಿ, "ಆಂಟಿ, ಗೋಡೆ ಎಷ್ಟು ದಪ್ಪ ಇದೆ?" ಅಂತ ಕೇಳಿದಳು. ಭಾನುವಾರ ಬಂದಾಗ ಅಳೆದು ನೋಡು ಅಂದಿದ್ದೇನೆ.

ನಮಸ್ಕಾರ.