ಹಳೆಯ ಕಾರಿನ ಬ್ರೇಕ್ ಡಿಸ್ಕ್

ಕೇಳುಗರೇ, ನಮಸ್ಕಾರ.

1953ರ ಲೆ ಮಾನ್ಸ್ ಕಾರು ಓಟದ ಪಂದ್ಯದಲ್ಲಿ ಡಿಸ್ಕ್ ಬ್ರೇಕ್ ಅಳವಡಿಸಿದ್ದ ಜಾಗ್ವಾರ್ ಸಿ-ಟೈಪ್ ಗೆದ್ದಿತು. ಚಕ್ರದ ಜೊತೆ ತಿರುಗುವ ಲೋಹದ ತಟ್ಟೆಯೇ ಡಿಸ್ಕ್; ಅದನ್ನು ಎರಡೂ ಬದಿಯಿಂದ ಪ್ಯಾಡುಗಳು ಅದುಮಿ ಹಿಡಿದು ಕಾರನ್ನು ನಿಲ್ಲಿಸುತ್ತವೆ. ಮುಂದಿನ ಎರಡು ದಶಕಗಳಲ್ಲಿ ಈ ಬ್ರೇಕು ಸಾಮಾನ್ಯ ಕಾರುಗಳಿಗೂ ಬಂತು. ಆ ಕಾಲದ ಕಾರುಗಳನ್ನು ಇಂದಿಗೂ ಓಡಿಸುವವರು ಡಿಸ್ಕ್ ಸವೆದಾಗ ಏನು ಮಾಡಬೇಕು?

ಇಂದಿನ ಬಹುತೇಕ ಕಾರುಗಳಲ್ಲಿ ಪ್ಯಾಡುಗಳನ್ನು ಹಿಡಿದಿರುವ ಕ್ಯಾಲಿಪರ್ ಬಿಚ್ಚಿದರೆ ಡಿಸ್ಕ್ ಕೈಗೆ ಬರುತ್ತದೆ. ಹಳೆಯ ಅನೇಕ ಕಾರುಗಳಲ್ಲಿ ಮುಂದಿನ ಡಿಸ್ಕನ್ನು ಚಕ್ರ ಕೂರುವ ನಡುಭಾಗವಾದ ಹಬ್ಬಿನ (hub) ಹಿಂಬದಿಗೆ ಬೋಲ್ಟ್ ಹಾಕಿ ಕೂರಿಸಿರುತ್ತಾರೆ. ಹಾಗಾಗಿ ಹಬ್ಬನ್ನೇ ಕಳಚಬೇಕು. ಬ್ರೇಕಿನ ಕೆಲಸದ ಜೊತೆ ಹಬ್ಬಿನೊಳಗಿನ ಬೇರಿಂಗಿನ ಕೆಲಸವೂ ಹೆಗಲೇರುತ್ತದೆ. ಜಾಗ್ವಾರ್ ಇ-ಟೈಪ್‌ನ ಹಿಂದಿನ ಡಿಸ್ಕುಗಳಂತೂ ಚಕ್ರದ ಬಳಿ ಇರುವುದೇ ಇಲ್ಲ, ನಡುವೆ, ಎಂಜಿನ್ನಿನ ಶಕ್ತಿಯನ್ನು ಎರಡು ಚಕ್ರಗಳಿಗೆ ಹಂಚುವ ಡಿಫರೆನ್ಷಿಯಲ್‌ಗೆ ಅಂಟಿಕೊಂಡಿವೆ. ಅದನ್ನು ರೂಪಿಸಿದವರು ರಿಪೇರಿ ಮಾಡುವವರನ್ನು ನೆನೆಯಲೇ ಇಲ್ಲವೇನೋ!

ಕಾರನ್ನು ಜ್ಯಾಕಿನ ಮೇಲಷ್ಟೇ ಬಿಡದೆ ಸ್ಟ್ಯಾಂಡಿನ ಮೇಲೆ ಭದ್ರವಾಗಿ ನಿಲ್ಲಿಸಿ. ಬಿಚ್ಚಿದ ಕ್ಯಾಲಿಪರನ್ನು ತಂತಿಯಲ್ಲಿ ತೂಗುಹಾಕಿ. ಅದರ ಭಾರ ರಬ್ಬರ್ ಕೊಳವೆಯ ಮೇಲೆ ಬೀಳಬಾರದು. ಹಳೆಯ ಪ್ಯಾಡುಗಳಲ್ಲಿ ಶ್ವಾಸಕೋಶಕ್ಕೆ ಹಾನಿಕರವಾದ ಕಲ್ನಾರು (ಆಸ್ಬೆಸ್ಟಾಸ್) ಇರಬಹುದು, ಆದ್ದರಿಂದ ಧೂಳನ್ನು ಗಾಳಿ ಹೊಡೆದು ಹಾರಿಸದೆ ಒದ್ದೆ ಮಾಡಿ ಒರೆಸಿ.

ತುಕ್ಕು ಹಿಡಿದ ಬೋಲ್ಟುಗಳ ಮುಂದೆ ಬಲಪ್ರದರ್ಶನ ಬೇಡ. ಹಿಂದಿನ ರಾತ್ರಿಯೇ ತುಕ್ಕು ಸಡಿಲಿಸುವ ಎಣ್ಣೆ ಬಿಟ್ಟು, ಆರು ಮೂಲೆಯ ಸಾಕೆಟ್ಟಿನಿಂದ ತಿರುಗಿಸಿ. ತಲೆ ಸವೆದು ಹೋದ ಬೋಲ್ಟು ಅರ್ಧ ದಿನವನ್ನು ನುಂಗುತ್ತದೆ.

ನಿಜವಾದ ಕುಶಲತೆ ಬೇಕಾಗುವುದು ಡಿಸ್ಕ್ ಕೂರುವ ಹಬ್ಬಿನ ಮುಖವನ್ನು ಶುಚಿ ಮಾಡುವಾಗ. ಅಲ್ಲಿ ಉಳಿದ ತುಕ್ಕಿನ ಒಂದು ಚೂರು ಡಿಸ್ಕಿನ ಅಂಚಿನಲ್ಲಿ ದೊಡ್ಡ ಓಲಾಟವಾಗಿ ಕಾಣಿಸಿಕೊಳ್ಳುತ್ತದೆ. ಬ್ರೇಕ್ ಒತ್ತಿದಾಗ ಪೆಡಲು ನಡುಗಿದರೆ ಡಿಸ್ಕ್ ಸೊಟ್ಟಗಾಗಿದೆ ಎಂದು ದೂರುತ್ತೇವೆ. ಎಷ್ಟೋ ಸಲ ತಪ್ಪು ಈ ಮುಖದ್ದೇ. ಹೊಸ ಡಿಸ್ಕ್ ಜೋಡಿಸಿದ ಮೇಲೆ ಓಲಾಟ ಅಳೆಯುವ ಡಯಲ್ ಗೇಜ್ ಇಟ್ಟು ತಿರುಗಿಸಿ ನೋಡಿ. ಓಲಾಟ 0.1 ಮಿಲಿಮೀಟರ್ ಮೀರಬಾರದು ಎಂದು ಅನೇಕ ಕೈಪಿಡಿಗಳು ಹೇಳುತ್ತವೆ. ಮೀರಿದರೆ ಡಿಸ್ಕನ್ನು ಒಂದು ರಂಧ್ರದಷ್ಟು ಸರಿಸಿ ಕೂರಿಸಿ ಮತ್ತೆ ಅಳೆಯಿರಿ.

ಬೇರಿಂಗಿಗೆ ಹೊಸ ಗ್ರೀಸ್, ಹೊಸ ಸೀಲ್, ನಟ್ಟು ಸಡಿಲವಾಗದಂತೆ ತಡೆಯುವ ಹೊಸ ಸ್ಪ್ಲಿಟ್ ಪಿನ್ ಹಾಕಿ. ನಟ್ಟನ್ನು ಎಷ್ಟು ಬಿಗಿಯಬೇಕೆಂಬುದಕ್ಕೆ ಆ ಕಾರಿನ ಕೈಪಿಡಿಯೇ ಪ್ರಮಾಣ. ಹೊಸ ಡಿಸ್ಕಿನ ಮೇಲೆ ಬಳಿದ ರಕ್ಷಣೆಯ ಎಣ್ಣೆಯನ್ನು ಬ್ರೇಕ್ ಕ್ಲೀನರಿನಿಂದ ಪೂರ್ತಿ ತೆಗೆದು, ಹೊಸ ಪ್ಯಾಡುಗಳನ್ನೇ ಜೋಡಿಸಿ. ಕ್ಯಾಲಿಪರಿನಲ್ಲಿ ಪ್ಯಾಡನ್ನು ಒತ್ತುವ ಪಿಸ್ಟನನ್ನು ಒಳಗೆ ತಳ್ಳುವಾಗ ಬ್ರೇಕ್ ಆಯಿಲ್ ಉಕ್ಕಿ ಬಂದು ಬಣ್ಣ ಕೆಡಿಸೀತು, ಎಚ್ಚರ.

ಕೊನೆಯದಾಗಿ, ಕಾರನ್ನು ಕದಲಿಸುವ ಮೊದಲು ಪೆಡಲು ಗಟ್ಟಿಯಾಗುವವರೆಗೆ ಒತ್ತುತ್ತಿರಿ. ತಳ್ಳಿದ ಪಿಸ್ಟನ್‌ಗಳು ಪ್ಯಾಡನ್ನು ಮುಟ್ಟುವ ತನಕ ಆ ಕಾರಿಗೆ ಬ್ರೇಕೇ ಇರುವುದಿಲ್ಲ. ನಮಸ್ಕಾರ.