ಖಾಸಗಿ ವಿಶ್ವವಿದ್ಯಾಲಯವನ್ನು ನಡೆಸುವವರು ಯಾರು?

ಕೇಳುಗರೆಲ್ಲರಿಗೂ ನಮಸ್ಕಾರ.

ಮಕ್ಕಳನ್ನು ಖಾಸಗಿ ವಿಶ್ವವಿದ್ಯಾಲಯಕ್ಕೆ ಸೇರಿಸಬೇಕೆಂದು ಹೊರಟಿರುವ ತಂದೆತಾಯಿಗಳು ನನ್ನನ್ನು ಕಂಡಾಗ ಕೇಳುವ ಮೊದಲ ಪ್ರಶ್ನೆ, ‘ಅದು ಯಾರದು?’ ಎಂಬುದು. ಎರಡನೆಯ ಪ್ರಶ್ನೆ ಶುಲ್ಕದ್ದು, ಮೂರನೆಯದು ಉದ್ಯೋಗದ್ದು. ಕುಲಸಚಿವರ, ಅಂದರೆ ರಿಜಿಸ್ಟ್ರಾರರ, ಕಚೇರಿಯಲ್ಲಿ ಬಹುಕಾಲ ಕಡತಗಳ ನಡುವೆ ಕಳೆದ ನನಗೆ ಆ ಮೊದಲ ಪ್ರಶ್ನೆಯನ್ನು ಕೇಳಿದಾಗಲೆಲ್ಲ, ಮರ್ಯಾದೆಗೆ ನಕ್ಕರೂ, ಒಳಗೊಳಗೇ ಸ್ವಲ್ಪ ಬೇಸರವಾಗುತ್ತದೆ. ಕಟ್ಟಡ ಯಾರದು, ಜಮೀನು ಯಾರ ಹೆಸರಿನಲ್ಲಿದೆ ಎಂದು ತಿಳಿದುಕೊಂಡು ನಿಮ್ಮ ಮಗಳಿಗೆ ಆಗಬೇಕಾದದ್ದೇನು? ಅವಳಿಗೆ ಪಾಠ ಹೇಳುವವರನ್ನು ಆರಿಸುವವರು ಯಾರು, ಅವಳ ಪಠ್ಯಕ್ರಮವನ್ನು ಒಪ್ಪುವವರು ಯಾರು, ಅವಳ ಅಂಕಪಟ್ಟಿಗೆ ಹೊಣೆ ಯಾರು ಎಂದು ದಯವಿಟ್ಟು ಕೇಳಿ. ಇಂದು ನಾನು ಹೇಳಲು ಬಂದಿರುವ ಮಾತು ಒಂದೇ: ಖಾಸಗಿ ವಿಶ್ವವಿದ್ಯಾಲಯದಲ್ಲಿ ಹಣಕ್ಕೆ ಹೊಣೆಯಾದವರು ಬೇರೆ ಇರಬೇಕು, ಪಾಠಕ್ಕೆ ಹೊಣೆಯಾದವರು ಬೇರೆ ಇರಬೇಕು.

ಮೊದಲು ಹುದ್ದೆಗಳ ಹೆಸರುಗಳನ್ನು ಬಗೆಹರಿಸಿಕೊಳ್ಳೋಣ. ಚಾನ್ಸೆಲರ್ ಎಂದರೆ ಕುಲಾಧಿಪತಿ. ವೈಸ್ ಚಾನ್ಸೆಲರ್ ಎಂದರೆ ಕುಲಪತಿ. ಹಿಂದೆ ಈ ಎರಡನೆಯವರನ್ನು ಉಪಕುಲಪತಿ ಎನ್ನುತ್ತಿದ್ದೆವು, ಈಗಲೂ ಅನೇಕರ ಬಾಯಲ್ಲಿ ಅದೇ ಪದ ಉಳಿದಿದೆ. ‘ಉಪ’ ಎಂಬ ಆ ಎರಡಕ್ಷರದಿಂದ ಆಗಿರುವ ಅನಾಹುತ ಸಣ್ಣದಲ್ಲ, ಏಕೆಂದರೆ ಅವರು ಯಾರದೋ ಕೈಕೆಳಗಿನ ಸಹಾಯಕರೆಂದು ಕೇಳಿದವರು ಭಾವಿಸುತ್ತಾರೆ. ವಾಸ್ತವದಲ್ಲಿ ವಿಶ್ವವಿದ್ಯಾಲಯದ ದಿನನಿತ್ಯದ ಆಡಳಿತವೂ ವಿದ್ಯೆಯ ಹೊಣೆಯೂ ಇರುವುದು ಅವರ ಮೇಲೆಯೇ. ಬ್ರಿಟಿಷ್ ಪದ್ಧತಿಯಲ್ಲಿ ಕುಲಾಧಿಪತಿಯ ಸ್ಥಾನ ಗೌರವದ್ದು, ಘಟಿಕೋತ್ಸವದ ಪೀಠದ್ದು. ಇಂಗ್ಲೆಂಡಿನ ಬಕಿಂಗ್‌ಹ್ಯಾಮ್ ಎಂಬ ಖಾಸಗಿ ವಿಶ್ವವಿದ್ಯಾಲಯಕ್ಕೆ 1990ರ ದಶಕದಲ್ಲಿ ಮಾಜಿ ಪ್ರಧಾನಿ ಮಾರ್ಗರೆಟ್ ಥ್ಯಾಚರ್ ಕುಲಾಧಿಪತಿಯಾಗಿದ್ದರು, ಆದರೆ ಅಲ್ಲಿನ ವೇಳಾಪಟ್ಟಿಯನ್ನು ಅವರು ಬರೆಯಲಿಲ್ಲ. ಅಮೆರಿಕದ ಖಾಸಗಿ ವಿಶ್ವವಿದ್ಯಾಲಯಗಳಲ್ಲಿ ಇದೇ ಮುಖ್ಯಸ್ಥರಿಗೆ ಸಾಮಾನ್ಯವಾಗಿ ಅಧ್ಯಕ್ಷ ಎಂಬ ಹೆಸರು, ಅವರ ಕೈಕೆಳಗೆ ವಿದ್ಯಾವಿಷಯಗಳನ್ನೆಲ್ಲ ನೋಡಿಕೊಳ್ಳುವವರಿಗೆ ಪ್ರೊವೋಸ್ಟ್ ಎಂಬ ಹೆಸರು. ಹೆಸರು ಏನೇ ಇರಲಿ, ಮೇಲ್ಗಡೆ ಒಂದು ಆಡಳಿತ ಮಂಡಳಿ ಅಥವಾ ವಿಶ್ವಸ್ತ ಮಂಡಳಿ ಇರುತ್ತದೆ. ಅದು ಆಸ್ತಿಯನ್ನು ಕಾಯುತ್ತದೆ, ಆಯವ್ಯಯವನ್ನು ಒಪ್ಪುತ್ತದೆ, ಮುಖ್ಯಸ್ಥರನ್ನು ನೇಮಿಸುತ್ತದೆ. ಇನ್ನೊಂದು ಕಡೆ ಪ್ರಾಧ್ಯಾಪಕರಿಂದ ಕೂಡಿದ ವಿದ್ಯಾವಿಷಯಕ ಪರಿಷತ್ತು ಇರುತ್ತದೆ. ಏನನ್ನು ಕಲಿಸಬೇಕು, ಹೇಗೆ ಪರೀಕ್ಷಿಸಬೇಕು ಎಂಬುದು ಅದಕ್ಕೆ ಸೇರಿದ್ದು. ಈ ಎರಡರ ನಡುವೆ ನಿಂತು ಎರಡೂ ಕಡೆಯ ಮಾತು ಕೇಳಬೇಕಾದವರು ಕುಲಪತಿಗಳು.

ಇವೆರಡೂ ಒಂದೇ ಕೈಗೆ ಸೇರಿದರೆ ಏನಾಗುತ್ತದೆ ಎಂಬುದಕ್ಕೆ ನಾನು ಎಲ್ಲೆಡೆ ಹೇಳುವ ಒಂದು ಪ್ರಸಂಗವಿದೆ. ನನ್ನ ಸಹೋದ್ಯೋಗಿಗಳಿಗೆ ಇದನ್ನು ಕೇಳಿ ಕೇಳಿ ಸಾಕಾಗಿದೆ, ಆದರೆ ನೀವು ಹೊಸಬರು.

ಲೀಲ್ಯಾಂಡ್ ಸ್ಟ್ಯಾನ್‌ಫರ್ಡ್ ಎಂಬವರು ರೈಲುಮಾರ್ಗ ಕಟ್ಟಿಸಿ ಸಿರಿವಂತರಾದವರು, ಕ್ಯಾಲಿಫೋರ್ನಿಯಾದ ಗವರ್ನರ್ ಆಗಿದ್ದವರು. ಅವರ ಏಕೈಕ ಪುತ್ರ 1884ರಲ್ಲಿ, ಇಟಲಿಯ ಫ್ಲಾರೆನ್ಸ್ ನಗರದಲ್ಲಿ, ಹದಿನೈದನೆಯ ವಯಸ್ಸಿನಲ್ಲಿ ಟೈಫಾಯ್ಡ್ ಜ್ವರದಿಂದ ತೀರಿಕೊಂಡ. ಮಗನ ನೆನಪಿಗಾಗಿ ದಂಪತಿಗಳು 1885ರಲ್ಲಿ ದತ್ತಿಪತ್ರ ಬರೆದು ವಿಶ್ವವಿದ್ಯಾಲಯವೊಂದನ್ನು ಸ್ಥಾಪಿಸಿದರು. 1891ರ ಅಕ್ಟೋಬರ್‌ನಲ್ಲಿ ಅದರ ಬಾಗಿಲು ತೆರೆಯಿತು. ಮೊದಲ ಅಧ್ಯಕ್ಷರಾಗಿ ಬಂದವರು ಡೇವಿಡ್ ಸ್ಟಾರ್ ಜೋರ್ಡನ್ ಎಂಬ ವಿಜ್ಞಾನಿ, ಮೀನುಗಳ ಅಧ್ಯಯನದಲ್ಲಿ ಹೆಸರು ಮಾಡಿದವರು, ಅದಕ್ಕೆ ಮೊದಲು ಇಂಡಿಯಾನಾ ವಿಶ್ವವಿದ್ಯಾಲಯವನ್ನು ನಡೆಸಿದ್ದವರು.

ಈ ದತ್ತಿಪತ್ರವನ್ನು ಓದಿದರೆ ಸಂತೋಷವಾಗುತ್ತದೆ. ಶಿಕ್ಷಣದ ಭಾಗಕ್ಕೆ ಅಧ್ಯಕ್ಷರನ್ನೇ ನ್ಯಾಯವಾಗಿ ಹೊಣೆಗಾರರನ್ನಾಗಿಸಬಹುದಾದಷ್ಟು ಅಧಿಕಾರವನ್ನು ಅವರಿಗೆ ಕೊಡಬೇಕೆಂದು ಅದರಲ್ಲಿ ಬರೆದಿದೆ. ಅಧ್ಯಕ್ಷರು ವಿಶ್ವಸ್ತ ಮಂಡಳಿಯ ಸದಸ್ಯರಾಗಿರಬಾರದೆಂದೂ ಬರೆದಿದೆ. ನಾನು ಇಲ್ಲಿ ಕುಳಿತು ಹೇಳುತ್ತಿರುವುದನ್ನೇ ಅವರು ಅಂದೇ ಕಾಗದದ ಮೇಲೆ ಇಳಿಸಿದ್ದರು. ಆದರೆ ಅದೇ ಪತ್ರದಲ್ಲಿ ಇನ್ನೊಂದು ಮಾತೂ ಇತ್ತು. ದಂಪತಿಗಳು ಬದುಕಿರುವವರೆಗೆ ವಿಶ್ವಸ್ತ ಮಂಡಳಿಯ ಅಧಿಕಾರವನ್ನು ತಾವೇ ಚಲಾಯಿಸಬಹುದೆಂಬ ಹಕ್ಕನ್ನು ಅವರು ಉಳಿಸಿಕೊಂಡಿದ್ದರು.

1893ರಲ್ಲಿ ಲೀಲ್ಯಾಂಡ್ ಸ್ಟ್ಯಾನ್‌ಫರ್ಡ್ ತೀರಿಕೊಂಡಾಗ ಆ ಇಡೀ ಅಧಿಕಾರ ಅವರ ಪತ್ನಿ ಜೇನ್ ಸ್ಟ್ಯಾನ್‌ಫರ್ಡ್ ಒಬ್ಬರ ಕೈಗೆ ಬಂತು. ಅದರ ಬೆನ್ನಿಗೇ ಕಷ್ಟಗಳೂ ಬಂದವು. ಗಂಡನ ಆಸ್ತಿ ನ್ಯಾಯಾಲಯದ ವಶದಲ್ಲಿತ್ತು, ಅದರ ಮೇಲೆ ಅಮೆರಿಕದ ಸರ್ಕಾರವೇ ಸುಮಾರು ಒಂದೂವರೆ ಕೋಟಿ ಡಾಲರ್‌ಗಳ ದಾವೆ ಹೂಡಿತು, ಪ್ರಾಧ್ಯಾಪಕರಿಗೆ ಸಂಬಳ ಕೊಡಲು ಹಣವಿರಲಿಲ್ಲ. ಮುಚ್ಚಿಬಿಡಿ ಎಂದು ಸಲಹೆ ಕೊಟ್ಟವರಿದ್ದರು. ಆ ತಾಯಿ ಒಪ್ಪಲಿಲ್ಲ. ಮನೆಖರ್ಚಿಗೆಂದು ನ್ಯಾಯಾಲಯ ತಿಂಗಳಿಗೆ ಹತ್ತು ಸಾವಿರ ಡಾಲರ್ ಬಿಡುಗಡೆ ಮಾಡಿದಾಗ, ಪ್ರಾಧ್ಯಾಪಕರನ್ನು ತಮ್ಮ ಮನೆಯ ಕೆಲಸದವರ ಲೆಕ್ಕದಲ್ಲಿ ಸೇರಿಸಿ ಆ ಹಣದಿಂದಲೇ ಅವರ ಸಂಬಳ ಕೊಟ್ಟರು. ತಮ್ಮ ಒಡವೆಗಳನ್ನು ಮಾರಲು ಲಂಡನ್ನಿನವರೆಗೂ ಹೋದರು. 1896ರಲ್ಲಿ ಸುಪ್ರೀಂ ಕೋರ್ಟ್ ಸರ್ಕಾರದ ದಾವೆಯನ್ನು ತಳ್ಳಿಹಾಕಿದ ಮೇಲೆ ಸಂಸ್ಥೆ ಉಸಿರಾಡಿತು. ಈ ಹೆಣ್ಣುಮಗಳು ಇಲ್ಲದಿದ್ದರೆ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯ ಉಳಿಯುತ್ತಿರಲಿಲ್ಲವೆಂದು ನಾನು ನಂಬಿದ್ದೇನೆ, ಆದ್ದರಿಂದ ಮುಂದೆ ಹೇಳುವುದನ್ನು ಅವರ ಮೇಲಿನ ನಿಂದೆಯೆಂದು ತಿಳಿಯಬೇಡಿ.

ಆದರೆ ಮನೆಯ ಕೆಲಸದವರೆಂದು ಲೆಕ್ಕದಲ್ಲಿ ಬರೆದ ಪ್ರಾಧ್ಯಾಪಕರು ಕ್ರಮೇಣ ಮನಸ್ಸಿನಲ್ಲಿಯೂ ಹಾಗೆಯೇ ಕಾಣತೊಡಗುತ್ತಾರೆ. ಎಡ್ವರ್ಡ್ ರಾಸ್ ಎಂಬ ತರುಣ ಅರ್ಥಶಾಸ್ತ್ರಜ್ಞ ಅಲ್ಲಿ ಪ್ರಾಧ್ಯಾಪಕನಾಗಿದ್ದ. 1896ರ ಚುನಾವಣೆಯಲ್ಲಿ ಬೆಳ್ಳಿ ನಾಣ್ಯದ ಪರವಾಗಿ, ಅಂದರೆ ಚಿನ್ನದ ಜೊತೆಗೆ ಬೆಳ್ಳಿಯನ್ನೂ ಮಿತಿಯಿಲ್ಲದೆ ನಾಣ್ಯವಾಗಿಸಬೇಕೆಂದು, ಬಹಿರಂಗವಾಗಿ ಮಾತನಾಡಿದ, ನಗರದ ಸಾರಿಗೆ ನಗರದ ಒಡೆತನದಲ್ಲಿಯೇ ಇರಬೇಕೆಂದ, ಕೊನೆಗೆ 1900ರಲ್ಲಿ ಏಷ್ಯಾದಿಂದ ಬರುವ ಕೂಲಿಕಾರರ ವಿರುದ್ಧ ಭಾಷಣ ಮಾಡಿದ. ಆ ಕೊನೆಯ ಭಾಷಣ ಜನಾಂಗದ್ವೇಷದ್ದು, ಅದನ್ನು ನಾನು ಸಮರ್ಥಿಸುವುದಿಲ್ಲ. ಆದರೆ ಅವನ ವಿಚಾರ ಸರಿಯೋ ತಪ್ಪೋ ಎಂದು ತೂಗಿ ನೋಡಿದವರು ಯಾರು? ಅವನ ಸಮಾನಸ್ಕಂಧರಾದ ವಿದ್ವಾಂಸರು ನೋಡಲಿಲ್ಲ. ರೈಲುಮಾರ್ಗದ ಹಣದಿಂದ ಕಟ್ಟಿದ ಸಂಸ್ಥೆಯಲ್ಲಿ, ಆ ಹಣದ ಒಡತಿಗೆ ಅವನು ಹಿಡಿಸಲಿಲ್ಲ. ಅವನನ್ನು ಕಳಿಸಿಬಿಡಿ ಎಂದು ಅವರು ಅಧ್ಯಕ್ಷರಿಗೆ ಬರೆದರು.

ಜೋರ್ಡನ್ನರ ಸ್ಥಿತಿಯನ್ನು ಊಹಿಸಿಕೊಳ್ಳಿ. ಮೊದಮೊದಲು ಅವರು ರಾಸ್ ಪರವಾಗಿ ವಾದಿಸಿದರು, ಕಾಲ ತಳ್ಳಿದರು, ಒಡತಿಯ ಮನಸ್ಸು ಬದಲಾಯಿಸಲು ನೋಡಿದರು. ಅವರ ಹಿಂದೆ ನಿಲ್ಲಲು ಸ್ವತಂತ್ರವಾದ ಮಂಡಳಿಯಿರಲಿಲ್ಲ, ಏಕೆಂದರೆ ಆ ಮಂಡಳಿಯ ಅಧಿಕಾರವೆಲ್ಲ ಯಾರ ವಿರುದ್ಧ ವಾದಿಸಬೇಕಿತ್ತೋ ಅವರ ಕೈಯಲ್ಲೇ ಇತ್ತು. 1900ರ ನವೆಂಬರ್‌ನಲ್ಲಿ ರಾಸ್ ಹೊರನಡೆಯಬೇಕಾಯಿತು. ಇದನ್ನು ತರಗತಿಯಲ್ಲಿ ಖಂಡಿಸಿದ ಜಾರ್ಜ್ ಹೊವಾರ್ಡ್ ಎಂಬ ಇತಿಹಾಸದ ಪ್ರಾಧ್ಯಾಪಕರು ಕ್ಷಮೆ ಕೇಳಲು ಒಪ್ಪದೆ ಹೊರಟರು; ಪ್ರತಿಭಟಿಸಿ ಹೊರಟ ಇನ್ನೂ ಕೆಲವರಲ್ಲಿ ಆರ್ಥರ್ ಲವ್‌ಜಾಯ್ ಎಂಬ ತರುಣ ತತ್ತ್ವಶಾಸ್ತ್ರಜ್ಞ ಒಬ್ಬ. ಅವನು ಇದನ್ನು ಮರೆಯಲಿಲ್ಲ. 1915ರಲ್ಲಿ ಜಾನ್ ಡ್ಯೂಯಿ ಅವರೊಂದಿಗೆ ಸೇರಿ ಅಮೆರಿಕದ ವಿಶ್ವವಿದ್ಯಾಲಯ ಪ್ರಾಧ್ಯಾಪಕರ ಸಂಘವನ್ನು ಕಟ್ಟಿದ. ಪ್ರಾಧ್ಯಾಪಕರು ವಿಶ್ವಸ್ತ ಮಂಡಳಿಯಿಂದ ನೇಮಕಗೊಂಡವರಾದರೂ ಅದರ ಆಳುಗಳಲ್ಲವೆಂಬ ತತ್ತ್ವವನ್ನು ಆ ಸಂಘ ಅದೇ ವರ್ಷ ಸಾರಿತು. ಜೇನ್ ಸ್ಟ್ಯಾನ್‌ಫರ್ಡ್ ಅವರೂ 1903ರಲ್ಲಿ ತಮ್ಮ ಅಧಿಕಾರವನ್ನು ವಿಶ್ವಸ್ತ ಮಂಡಳಿಗೆ ಬಿಟ್ಟುಕೊಟ್ಟರು. ಅಂದರೆ ದತ್ತಿಪತ್ರದ ಮಾತು ನಿಜವಾಗಿ ಜಾರಿಗೆ ಬರಲು ಹದಿನೆಂಟು ವರ್ಷ ಬೇಕಾಯಿತು.

ಗಡಿಯಾರ ನೋಡಿದರೆ ಈ ಕಥೆಯೇ ನನ್ನ ಸಮಯದ ಬಹುಪಾಲನ್ನು ತಿಂದಿದೆ. ಶಿಕಾಗೋ ವಿಶ್ವವಿದ್ಯಾಲಯದ ವಿಷಯವನ್ನು ಬೇಗ ಹೇಳಿ ಮುಗಿಸುತ್ತೇನೆ, ಏಕೆಂದರೆ ಅದು ಇನ್ನೊಂದು ಬಗೆಯದು. 1890ರಲ್ಲಿ ಸ್ಥಾಪನೆಯಾದ ಅದಕ್ಕೆ ಹಣ ಕೊಟ್ಟ ಜಾನ್ ರಾಕ್‌ಫೆಲ್ಲರ್ ಬಹುಮಟ್ಟಿಗೆ ದೂರವೇ ಉಳಿದರು; ಮೊದಲ ಅಧ್ಯಕ್ಷರಾದ ವಿಲಿಯಂ ರೈನಿ ಹಾರ್ಪರ್ ಅವರಿಗೆ ವಿದ್ಯೆಯ ವಿಷಯದಲ್ಲಿ ಸಾಕಷ್ಟು ಸ್ವಾತಂತ್ರ್ಯವಿತ್ತು. ಅವರು ದೊಡ್ಡ ದೊಡ್ಡ ವಿದ್ವಾಂಸರನ್ನು ಕರೆತಂದರು, ಜೊತೆಗೆ ವರ್ಷ ವರ್ಷವೂ ಆಯವ್ಯಯವನ್ನು ಮೀರಿ ಖರ್ಚು ಮಾಡಿದರು, ಆ ಕೊರತೆಯನ್ನು ರಾಕ್‌ಫೆಲ್ಲರ್ ಮತ್ತೆ ಮತ್ತೆ ತುಂಬಿಕೊಡಬೇಕಾಯಿತು. ಪಾಠದವರ ಕೈಗೆ ಹಣದ ಚೀಲವನ್ನೂ ಒಪ್ಪಿಸಿದರೆ ಹೀಗಾಗುತ್ತದೆ. ಅಲ್ಲಿಗೂ ನನ್ನ ಮಾತು ಅದೇ: ಹಣಕ್ಕೆ ಹೊಣೆಯಾದವರು ಬೇರೆ, ಪಾಠಕ್ಕೆ ಹೊಣೆಯಾದವರು ಬೇರೆ. ಹಣಕಾಸು ಅಧಿಕಾರಿ ಎಂಬವರು ಇರುವುದು ಈ ಕಾರಣಕ್ಕೇ. ಕುಲಪತಿಗಳ ಉತ್ಸಾಹಕ್ಕೆ ‘ಈ ವರ್ಷ ಆಗದು’ ಎಂದು ಬರೆದು ಸಹಿ ಹಾಕುವ ಧೈರ್ಯ ಅವರಿಗಿರಬೇಕು.

ಕುಲಸಚಿವರ ಬಗ್ಗೆ ನಾನು ಹೇಳಿದರೆ ಸ್ವಪ್ರಶಂಸೆಯಾಗುತ್ತದೆ, ಆದರೂ ಎರಡು ಮಾತು. ಅಮೆರಿಕದಲ್ಲಿ ರಿಜಿಸ್ಟ್ರಾರ್ ಎಂದರೆ ಮುಖ್ಯವಾಗಿ ವಿದ್ಯಾರ್ಥಿಗಳ ದಾಖಲೆಗಳನ್ನು ಕಾಯುವವರು. ಬ್ರಿಟಿಷ್ ಪದ್ಧತಿಯನ್ನು ಅನುಸರಿಸುವ ಕಡೆಗಳಲ್ಲಿ ಅವರು ಇಡೀ ಆಡಳಿತ ಯಂತ್ರದ ಮುಖ್ಯಸ್ಥರು, ಸಭೆಗಳ ನಡವಳಿಯನ್ನು ಬರೆಯುವವರು. ನಡವಳಿ ಪುಸ್ತಕವೇ ಸಂಸ್ಥೆಯ ನೆನಪು. ಯಾವ ತೀರ್ಮಾನ ವಿದ್ಯಾವಿಷಯಕ ಪರಿಷತ್ತಿನಲ್ಲಿ ಆಯಿತು, ಯಾವುದು ದೂರವಾಣಿಯ ಒಂದು ಕರೆಯಲ್ಲಿ ಆಯಿತು ಎಂಬುದು ಅಲ್ಲಿ ಸಿಗುತ್ತದೆ, ಅಥವಾ ಸಿಗದೆ ಇರುವುದರಿಂದಲೇ ತಿಳಿಯುತ್ತದೆ. ನಾನು ಕೆಲಸ ಮಾಡಿದ ಒಂದು ಕಡೆ, ನಡೆಯದೇ ಇದ್ದ ಸಭೆಯೊಂದರ ನಡವಳಿಯನ್ನು ಹಿಂದಿನ ದಿನಾಂಕ ಹಾಕಿ ಬರೆಯುವಂತೆ ನನಗೆ ಹೇಳಿದ್ದುಂಟು. ಬರೆಯಲಿಲ್ಲ, ಮುಂದಿನ ತಿಂಗಳು ನನ್ನ ಮೇಜು ಬೇರೆ ಕೋಣೆಗೆ ಹೋಯಿತು. ಪರೀಕ್ಷಾ ನಿಯಂತ್ರಕರ ಕಚೇರಿಯಂತೂ ಸಂಸ್ಥಾಪಕರ ಬಂಧುಗಳಿಂದ ಎಷ್ಟು ದೂರವಿದ್ದರೆ ಅಷ್ಟು ಒಳ್ಳೆಯದು.

ಈ ಹುದ್ದೆಗಳೆಲ್ಲ ಕೇವಲ ಅಲಂಕಾರ ಎನ್ನುವವರಿಗೆ ನಮ್ಮ ದೇಶದ ಒಂದು ಪ್ರಕರಣವನ್ನು ನೆನಪಿಸುತ್ತೇನೆ. ಛತ್ತೀಸಗಡದಲ್ಲಿ 2002ರ ಕಾಯ್ದೆಯೊಂದರ ಅಡಿಯಲ್ಲಿ ರಾಜ್ಯಪತ್ರದ ಅಧಿಸೂಚನೆಯ ಬಲದಿಂದಲೇ ನೂರಹನ್ನೆರಡು ಖಾಸಗಿ ವಿಶ್ವವಿದ್ಯಾಲಯಗಳು ಹುಟ್ಟಿಕೊಂಡವು. ಅನೇಕವಕ್ಕೆ ಕಟ್ಟಡವಿರಲಿಲ್ಲ, ಅಧ್ಯಾಪಕರಿರಲಿಲ್ಲ. ವಿಜ್ಞಾನಿ ಯಶಪಾಲ್ ಅವರು ನ್ಯಾಯಾಲಯಕ್ಕೆ ಹೋದರು, 2005ರಲ್ಲಿ ಸುಪ್ರೀಂ ಕೋರ್ಟ್ ಅವುಗಳ ಸ್ಥಾಪನೆಗೆ ಆಧಾರವಾಗಿದ್ದ ಕಲಮುಗಳನ್ನು ರದ್ದುಪಡಿಸಿತು. ಅವುಗಳ ಪೈಕಿ ಯಾವುದಾದರೊಂದರ ಬಗ್ಗೆ ‘ಅದು ಯಾರದು?’ ಎಂದು ಕೇಳಿದ್ದರೆ ತಟ್ಟನೆ ಉತ್ತರ ಸಿಗುತ್ತಿತ್ತು.

ಸಮಯ ಮುಗಿಯಿತೆಂದು ಗಾಜಿನ ಆಚೆಯಿಂದ ಕೈ ತೋರಿಸುತ್ತಿದ್ದಾರೆ. ಪ್ರವೇಶಕ್ಕೆ ಹೋದಾಗ ಮೂರು ಪ್ರಶ್ನೆ ಕೇಳಿ: ಕುಲಪತಿಗಳ ಅವಧಿ ಎಷ್ಟು ವರ್ಷ, ಕಳೆದ ಹತ್ತು ವರ್ಷಗಳಲ್ಲಿ ಅವಧಿ ಮುಗಿಯುವ ಮೊದಲೇ ಎಷ್ಟು ಜನ ಹೋದರು, ವಿದ್ಯಾವಿಷಯಕ ಪರಿಷತ್ತು ಕೊನೆಯ ಸಲ ಸೇರಿದ್ದು ಯಾವಾಗ. ಸ್ವಾಗತದ ಮೇಜಿನಲ್ಲಿರುವ ಹುಡುಗಿಗೆ ಇವು ಗೊತ್ತಿರುವುದಿಲ್ಲ, ಅವಳನ್ನು ಗದರಿಸಬೇಡಿ. ಕುಲಸಚಿವರ ಕಚೇರಿ ಯಾವ ಮಹಡಿಯಲ್ಲಿದೆ ಎಂದು ವಿಚಾರಿಸಿ ಅಲ್ಲಿಗೆ ಹೋಗಿ ಕೇಳಿ. ನಮಸ್ಕಾರ.